ಯುದ್ಧಕಾಲದಲ್ಲಿ ಸಾಂಸ್ಕೃತಿಕ ಪರಂಪರೆಯ ರಕ್ಷಣೆ

ಯುದ್ಧ, ಅಂತರ್ಯುದ್ಧ ಇಲ್ಲವೆ ಪರಸೈನ್ಯದ ಆಕ್ರಮಣದ ಕಾಲದಲ್ಲಿ ಸ್ಮಾರಕ, ಆರಾಧನಾ ಸ್ಥಳ, ಗ್ರಂಥಾಲಯ, ದಾಖಲೆಗಳ ಭಂಡಾರ, ವಸ್ತುಸಂಗ್ರಹಾಲಯ, ಉತ್ಖನನ ನೆಲೆ ಮತ್ತು ಕಲಾಕೃತಿಗಳನ್ನು ನಾಶ, ಲೂಟಿ ಹಾಗೂ ದುರುಪಯೋಗಗಳಿಂದ ಕಾಪಾಡುವ ನೈತಿಕ ಮತ್ತು ಕಾನೂನಿನ ಹೊಣೆಗಳ ಸಮೂಹಕ್ಕೆ ಯುದ್ಧಕಾಲದ ಪರಂಪರಾ ರಕ್ಷಣೆ ಎಂದು ಹೆಸರು. ಈ ಹೊಣೆ ದಾಳಿ ಮಾಡುವ ಪಕ್ಷದ ಮೇಲೆ ಎಷ್ಟಿದೆಯೋ ಆ ಸ್ವತ್ತು ಯಾರ ನೆಲದಲ್ಲಿದೆಯೋ ಅವರ ಮೇಲೂ ಅಷ್ಟೇ ಇದೆ. ಗುಡಿಗೆ ಗುಂಡು ಹಾರಿಸಬಾರದು ಎಂಬುದು ಒಂದು ನಿಯಮವಾದರೆ, ಗುಡಿಯ ಗೋಪುರದಲ್ಲಿ ಫಿರಂಗಿ ಇಡಬಾರದು ಎಂಬುದು ಅದರ ಜೋಡಿ ನಿಯಮ. ಜನ ಸಾಯುತ್ತಿರುವಾಗ ಕಲ್ಲು, ಕಾಗದಗಳ ಚಿಂತೆ ಸರಿಯೇ, ಗೆಲ್ಲಲೇಬೇಕಾದ ಯುದ್ಧದಲ್ಲಿ ಸೇನಾಪತಿ ಎಷ್ಟರ ಮಟ್ಟಿಗೆ ಕೈ ಬಿಗಿಹಿಡಿಯಬೇಕು ಎಂಬ ಎರಡು ಪ್ರಶ್ನೆಗಳು ಈ ವಿಷಯದ ಎಲ್ಲ ಚರ್ಚೆಗಳ ಹಿಂದೆಯೂ ಇವೆ.

ಪರಿಭಾಷೆ

ಅಂತರರಾಷ್ಟ್ರೀಯ ಕಾನೂನಿನಲ್ಲಿ ಮೊದಲು ನೆಲೆಯೂರಿದ ಪದ ‘ಸಾಂಸ್ಕೃತಿಕ ಸ್ವತ್ತು’. 1954ರ ಹೇಗ್ ಒಡಂಬಡಿಕೆಯ ಮೊದಲ ವಿಧಿಯಂತೆ ಜನಾಂಗಗಳ ಸಾಂಸ್ಕೃತಿಕ ಪರಂಪರೆಗೆ ಬಹಳ ಮಹತ್ವದ್ದಾದ ಚರ, ಸ್ಥಿರ ವಸ್ತುಗಳು, ಅವನ್ನು ಇಟ್ಟಿರುವ ಕಟ್ಟಡಗಳು ಮತ್ತು ಇಂಥ ವಸ್ತು, ಕಟ್ಟಡಗಳು ಗುಂಪಾಗಿರುವ ಕೇಂದ್ರಗಳು ಇದರೊಳಗೆ ಬರುತ್ತವೆ. ‘ಸಾಂಸ್ಕೃತಿಕ ಪರಂಪರೆ’ ಇದಕ್ಕಿಂತ ವಿಶಾಲವಾದದ್ದು. ಹಬ್ಬ, ಹಾಡುಗಾರಿಕೆ, ಕಸುಬು, ಆಚರಣೆಗಳೂ ಅದರಲ್ಲಿ ಸೇರುತ್ತವೆ. ಯುದ್ಧದ ಕಾನೂನು ಹೆಚ್ಚಾಗಿ ಮೊದಲನೆಯದನ್ನೇ ಕಾಪಾಡುತ್ತದೆ. ‘ಸೈನಿಕ ಅನಿವಾರ್ಯತೆ’ ಎಂದರೆ ಯುದ್ಧದ ನ್ಯಾಯಬದ್ಧ ಗುರಿ ಸಾಧಿಸಲು ಬೇರೆ ದಾರಿಯೇ ಇಲ್ಲದ ಸ್ಥಿತಿ. ಸೈನ್ಯಕ್ಕೆ ಅನುಕೂಲವಾಗುತ್ತದೆ ಎಂಬುದಷ್ಟೇ ಅನಿವಾರ್ಯತೆಯಲ್ಲ.

ಪ್ರಾಚೀನ ಹಾಗೂ ಮಧ್ಯಕಾಲೀನ ಹಿನ್ನೆಲೆ

ಸೋತವರ ದೇವರು, ಧನ, ಗ್ರಂಥಗಳು ಗೆದ್ದವನ ಸೊತ್ತು ಎಂಬುದು ಪ್ರಾಚೀನ ಲೋಕದ ಸಾಮಾನ್ಯ ರೂಢಿ. ಅದನ್ನು ಪ್ರಶ್ನಿಸಿದ ದನಿಗಳೂ ಅಷ್ಟೇ ಹಳೆಯವು. ಸಿರಾಕ್ಯೂಸಿನಿಂದ ರೋಮನರು ಶಿಲ್ಪಗಳನ್ನು ಹೊತ್ತೊಯ್ದದ್ದನ್ನು ಇತಿಹಾಸಕಾರ ಪಾಲಿಬಿಯಸ್ ಖಂಡಿಸಿದ. ಕ್ರಿ.ಪೂ. 70ರಲ್ಲಿ ಸಿಸೆರೊ, ಸಿಸಿಲಿಯ ಗುಡಿಗಳನ್ನು ದೋಚಿದ ಅಧಿಕಾರಿ ವೆರ್ರಿಸ್‌ನ ಮೇಲೆ ಮೊಕದ್ದಮೆ ನಡೆಸಿದ. ಗೆದ್ದ ನಾಡಿನ ದೇವತೆಗಳಿಗೂ ಉತ್ಸವಗಳಿಗೂ ಅರಸನು ಗೌರವ ತೋರಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಅಲ್ಲಿನ ಕಾರಣ ಭಕ್ತಿಗಿಂತ ರಾಜನೀತಿಯದು: ಜನರ ಮನಸ್ಸು ಒಲಿಯದೆ ಗೆದ್ದ ನೆಲ ನಿಲ್ಲುವುದಿಲ್ಲ.

ದಕ್ಷಿಣ ಭಾರತದಲ್ಲಿ ಇದಕ್ಕೆ ಶಿಲಾಸಾಕ್ಷಿಯೇ ಇದೆ. ಬಾದಾಮಿಯ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ (ಆಳ್ವಿಕೆ ಸು. 733–744) ಪಲ್ಲವರ ರಾಜಧಾನಿ ಕಾಂಚಿಯನ್ನು ಗೆದ್ದು ಒಳಹೊಕ್ಕಾಗ ಅಲ್ಲಿನ ರಾಜಸಿಂಹೇಶ್ವರ, ಅಂದರೆ ಇಂದಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಮರಳಿ ಬಿಟ್ಟುಕೊಟ್ಟ. ಈ ಸಂಗತಿಯನ್ನು ಹೇಳುವ ಕನ್ನಡ ಶಾಸನ ಅದೇ ದೇವಾಲಯದ ಕಂಬವೊಂದರ ಮೇಲಿದೆ. ಅವನ ಮಗ ಎರಡನೆಯ ಕೀರ್ತಿವರ್ಮನ ಕೆಂದೂರು ತಾಮ್ರಪಟವೂ (750) ಕಾಂಚಿಯನ್ನು ಹಾಳುಗೆಡವದೆ ಕಾಪಾಡಿದ ಮಾತನ್ನು ಹೇಳುತ್ತದೆ. ಸುಮಾರು ಒಂದು ಶತಮಾನದ ಹಿಂದೆ, 642ರಲ್ಲಿ, ಪಲ್ಲವ ನರಸಿಂಹವರ್ಮನು ಚಾಲುಕ್ಯರ ವಾತಾಪಿಯನ್ನು ಹಿಡಿದಿದ್ದ. ಸೇಡಿಗೆ ಸಕಲ ಕಾರಣವಿದ್ದ ಕಡೆ ತೋರಿದ ಸಂಯಮವಿದು. ಶಾಸನ ಗೆದ್ದವನ ಪ್ರಶಸ್ತಿಯೆಂಬುದು ನಿಜ. ಆದರೂ ದೇವಾಲಯವನ್ನು ಉಳಿಸಿದ್ದನ್ನು ಕೀರ್ತಿಯೆಂದು ಬರೆಸಬೇಕೆನ್ನಿಸಿದ್ದು ಆ ಕಾಲದ ನೀತಿಪ್ರಜ್ಞೆಯ ಬಗ್ಗೆ ಬಹಳವನ್ನು ತಿಳಿಸುತ್ತದೆ. ಈ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯವೇ ಈಗಿನ ವಿರೂಪಾಕ್ಷ. ಅದರ ವಿನ್ಯಾಸದಲ್ಲಿ ಕಾಂಚಿಯ ಕೈಲಾಸನಾಥದ ಛಾಯೆಯನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ.

ಇದಕ್ಕೆ ವಿರುದ್ಧವಾದ ರೂಢಿಯೂ ಅದೇ ನೆಲದಲ್ಲಿ ಬಲವಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಚೋಳ ರಾಜಾಧಿರಾಜನು ಕಲ್ಯಾಣವನ್ನು (ಇಂದಿನ ಬಸವಕಲ್ಯಾಣ) ಸುಟ್ಟು ಅಲ್ಲಿಂದ ತಂದ ದ್ವಾರಪಾಲಕ ವಿಗ್ರಹದ ಪೀಠದಲ್ಲಿ ತಾನು ತಂದದ್ದನ್ನು ಕೆತ್ತಿಸಿದ. ಆ ವಿಗ್ರಹ ಈಗ ತಂಜಾವೂರಿನಲ್ಲಿದೆ. 1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರ ಸೂರೆಯಾಯಿತು. 1791ರಲ್ಲಿ, ಮೂರನೆಯ ಆಂಗ್ಲೋ–ಮೈಸೂರು ಯುದ್ಧ ನಡೆದಿದ್ದಾಗ, ಪರಶುರಾಮ ಭಾವುವಿನ ಮರಾಠಾ ಸೈನ್ಯಕ್ಕೆ ಸೇರಿದ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿ ಶಾರದಾಂಬೆಯ ಮೂರ್ತಿಯನ್ನು ಸ್ಥಾನದಿಂದ ಕಿತ್ತಿತು. ಜಗದ್ಗುರುಗಳು ಕಾರ್ಕಳಕ್ಕೆ ತೆರಳಬೇಕಾಯಿತು. ಮೂರ್ತಿಯ ಪುನಃಪ್ರತಿಷ್ಠೆಗೆ ಟಿಪ್ಪು ಸುಲ್ತಾನನು ಹಣ, ಸಾಮಗ್ರಿ ಒದಗಿಸಿದ್ದನ್ನು ಮಠಕ್ಕೆ ಅವನು ಬರೆದ ಕನ್ನಡ ಪತ್ರಗಳು ತಿಳಿಸುತ್ತವೆ. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ಯರು 1916ರಲ್ಲಿ ಇವನ್ನು ಬೆಳಕಿಗೆ ತಂದರು. ಶೃಂಗೇರಿಯ ಘಟನೆಯಾದ ಎಂಟು ವರ್ಷಗಳ ನಂತರ ಲೂಟಿಯ ಸರದಿ ಟಿಪ್ಪುವಿನ ರಾಜಧಾನಿಗೇ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೈನ್ಯದ ಲೂಟಿಹಂಚಿಕೆ ಸಮಿತಿ ಹುಲಿಯ ಆಕಾರದ ಚಿನ್ನದ ಸಿಂಹಾಸನವನ್ನು ಒಡೆದು ತುಂಡುತುಂಡಾಗಿ ಹಂಚಿತು. ಸುಮಾರು 2000 ಹಸ್ತಪ್ರತಿಗಳ ಅರಮನೆ ಗ್ರಂಥಾಲಯ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಅದರ ಪಟ್ಟಿಯನ್ನು ಪ್ರಕಟಿಸಿದ. ಅದೇ ಲೂಟಿಯಲ್ಲಿ ಸಿಕ್ಕ, ಯುರೋಪಿಯನ್ ಸೈನಿಕನ ಮೇಲೆರಗಿದ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅಂದಿನ ಯುದ್ಧನಿಯಮದಂತೆ ಇದೆಲ್ಲ ಸಕ್ರಮವಾಗಿಯೇ ನಡೆಯಿತು. ಆ ನಿಯಮದ ಅನ್ಯಾಯಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಆಧುನಿಕ ನಿಯಮಗಳ ಬೆಳವಣಿಗೆ

1758ರಲ್ಲಿ ಸ್ವಿಸ್ ನ್ಯಾಯಶಾಸ್ತ್ರಜ್ಞ ಎಮೆರ್ ದ ವಾಟೆಲ್, ಮಾನವಕುಲಕ್ಕೆ ಕೀರ್ತಿ ತರುವ, ಶತ್ರುವಿನ ಬಲವನ್ನೇನೂ ಹೆಚ್ಚಿಸದ ಗುಡಿ, ಗೋರಿ, ಸಾರ್ವಜನಿಕ ಕಟ್ಟಡಗಳನ್ನು ಉಳಿಸಬೇಕೆಂದು ವಾದಿಸಿದ. ನೆಪೋಲಿಯನ್ನನ ಸೈನ್ಯ ಇಟಲಿಯಿಂದ ಪ್ಯಾರಿಸಿಗೆ ಸಾಗಿಸಿದ ಕಲಾಕೃತಿಗಳಲ್ಲಿ ಬಹಳಷ್ಟು 1815ರಲ್ಲಿ ಹಿಂದಿರುಗಿದವು. ವೆನಿಸ್ಸಿನ ಸಂತ ಮಾರ್ಕನ ಕಂಚಿನ ಕುದುರೆಗಳೂ ಅವುಗಳಲ್ಲಿದ್ದವು. 1813ರಲ್ಲಿ ಹ್ಯಾಲಿಫ್ಯಾಕ್ಸಿನ ಬ್ರಿಟಿಷ್ ನೌಕಾ ನ್ಯಾಯಾಲಯ, ಹಡಗೊಂದರಲ್ಲಿ ಸೆರೆಸಿಕ್ಕ ಇಟಾಲಿಯನ್ ಚಿತ್ರಗಳನ್ನು ಶತ್ರುರಾಷ್ಟ್ರವಾದ ಅಮೆರಿಕದ ಕಲಾ ಅಕಾಡೆಮಿಗೇ ಮರಳಿಸಿತು. ಕಲೆ, ವಿಜ್ಞಾನಗಳು ಯಾವುದೋ ಒಂದು ರಾಷ್ಟ್ರದ್ದಲ್ಲ, ಮನುಕುಲದ್ದು ಎಂಬ ತತ್ವಕ್ಕೆ ನ್ಯಾಯಾಲಯದ ಒಪ್ಪಿಗೆ ಬಿದ್ದ ಆರಂಭದ ತೀರ್ಪುಗಳಲ್ಲಿ ಇದೊಂದು.

ಸೈನಿಕರನ್ನು ನೇರವಾಗಿ ಕಟ್ಟಿಹಾಕಿದ ಮೊದಲ ಆಧುನಿಕ ಲಿಖಿತ ನಿಯಮಾವಳಿ ಅಮೆರಿಕದ ಅಂತರ್ಯುದ್ಧದ ವೇಳೆ 1863ರಲ್ಲಿ ಫ್ರಾನ್ಸಿಸ್ ಲೀಬರ್ ರಚಿಸಿ ಅಧ್ಯಕ್ಷ ಲಿಂಕನ್ ಹೊರಡಿಸಿದ ಸಂಹಿತೆ. ಕಲಾಕೃತಿ, ಗ್ರಂಥಾಲಯ, ವಿಜ್ಞಾನ ಸಂಗ್ರಹ, ದೂರದರ್ಶಕದಂಥ ಬೆಲೆಬಾಳುವ ಉಪಕರಣಗಳನ್ನು ತಪ್ಪಿಸಬಹುದಾದ ಹಾನಿಯಿಂದ ಕಾಯಬೇಕೆಂದು ಅದು ಆಜ್ಞಾಪಿಸಿತು. ಆದರೆ ಗೆದ್ದವರು ಅವನ್ನು ಸಾಗಿಸಬಹುದು, ಒಡೆತನ ಶಾಂತಿ ಒಪ್ಪಂದದಲ್ಲಿ ತೀರ್ಮಾನವಾಗಲಿ ಎಂದೂ ಹೇಳಿತು. 1899 ಮತ್ತು 1907ರ ಹೇಗ್ ನಿಯಮಗಳು ಆ ಬಾಗಿಲನ್ನೂ ಮುಚ್ಚಿದವು. ಮುತ್ತಿಗೆ, ಗುಂಡಿನ ದಾಳಿಗಳಲ್ಲಿ ಆರಾಧನೆ, ಕಲೆ, ವಿದ್ಯೆಯ ಕಟ್ಟಡಗಳನ್ನು ಸಾಧ್ಯವಾದಷ್ಟೂ ಉಳಿಸಬೇಕು; ಆಕ್ರಮಿತ ನೆಲದಲ್ಲಿ ಇಂಥ ಸ್ವತ್ತನ್ನು ವಶಪಡಿಸಿಕೊಳ್ಳುವುದು, ಕೆಡಿಸುವುದು ಶಿಕ್ಷಾರ್ಹ.

‘ಸಾಧ್ಯವಾದಷ್ಟೂ’ ಎಂಬ ಮಾತಿನ ಬೆಲೆ 1914ರಲ್ಲೇ ಗೊತ್ತಾಯಿತು. ಆಗಸ್ಟ್ ತಿಂಗಳಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬೆಂಕಿಯಿಟ್ಟಿತು. ಮುಂದಿನ ತಿಂಗಳು ರೀಮ್ಸ್ ಕೆಥೆಡ್ರಲ್ ಮೇಲೆ ಗುಂಡುಗಳು ಬಿದ್ದವು. ವರ್ಸೇಲ್ಸ್ ಒಪ್ಪಂದದ 247ನೆಯ ವಿಧಿ ಲೂವೆನ್‌ಗೆ ಪುಸ್ತಕ, ಹಸ್ತಪ್ರತಿಗಳನ್ನು ಜರ್ಮನಿ ತುಂಬಿಕೊಡಬೇಕೆಂದು ವಿಧಿಸಿತು. ಹೊಸದಾಗಿ ಕಟ್ಟಿದ ಆ ಗ್ರಂಥಾಲಯ 1940ರ ಮೇ ತಿಂಗಳಲ್ಲಿ ಮತ್ತೆ ಉರಿಯಿತು.

ಎರಡು ಮಹಾಯುದ್ಧಗಳ ನಡುವೆ ರಷ್ಯನ್ ಚಿತ್ರಕಾರ ನಿಕೊಲಾಸ್ ರೋರಿಕ್ ರೂಪಿಸಿದ ಒಪ್ಪಂದ 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾಯಿತು. ಅಮೆರಿಕ ಖಂಡಗಳ 21 ದೇಶಗಳು ಅದಕ್ಕೆ ಸಹಿ ಹಾಕಿದವು. ಸಾಂಸ್ಕೃತಿಕ ಸ್ಥಳಗಳನ್ನು ತಟಸ್ಥವೆಂದು ಘೋಷಿಸಿ, ಅವು ಸೈನಿಕ ಬಳಕೆಗೆ ಒಳಗಾದಾಗ ಮಾತ್ರ ರಕ್ಷಣೆ ತಪ್ಪುತ್ತದೆಂದ ಈ ಒಪ್ಪಂದ, ಸೈನಿಕ ಅನಿವಾರ್ಯತೆಯ ವಿನಾಯಿತಿಯನ್ನು ಕೊಡಲೇ ಇಲ್ಲ. ಆ ವಿಷಯದಲ್ಲಿ ಇದು ನಂತರದ ಒಡಂಬಡಿಕೆಗಿಂತ ನಿಷ್ಠುರವಾದದ್ದು. ಬಿಳಿಯ ಬಟ್ಟೆಯ ಮೇಲೆ ಕೆಂಪು ವೃತ್ತ, ಅದರೊಳಗೆ ಮೂರು ಕೆಂಪು ಗೋಲಗಳಿರುವ ಬಾವುಟ ಅದರ ಗುರುತು. ರೋರಿಕ್ ಹಿಮಾಲಯದ ಕುಲು ಕಣಿವೆಯಲ್ಲಿ ನೆಲೆಸಿ 1947ರಲ್ಲಿ ತೀರಿಕೊಂಡರು. 

ಎರಡನೆಯ ಮಹಾಯುದ್ಧದಲ್ಲಿ ಲೂಟಿ ಒಂದು ಸರ್ಕಾರಿ ಇಲಾಖೆಯ ಕೆಲಸವಾಯಿತು. ಆಲ್‌ಫ್ರೆಡ್ ರೋಸೆನ್‌ಬರ್ಗನ ಹೆಸರಿನ ನಾಜಿ ಪಡೆ ಯುರೋಪಿನ ಯೆಹೂದಿ ಮನೆ, ಗ್ರಂಥಾಲಯ, ಕಲಾಸಂಗ್ರಹಗಳನ್ನು ಪಟ್ಟಿ ಮಾಡಿಕೊಂಡು ದೋಚಿತು. ಪ್ಯಾರಿಸಿನ ಜೂ ದ ಪೋಮ್ ಮ್ಯೂಸಿಯಮ್ಮಿನಲ್ಲಿ ಕೆಲಸಕ್ಕಿದ್ದ ರೋಸ್ ವಲಾನ್, ಯಾವ ಚಿತ್ರ ಎಲ್ಲಿಗೆ ಹೋಯಿತೆಂದು ಗುಟ್ಟಾಗಿ ಬರೆದಿಟ್ಟ ಟಿಪ್ಪಣಿಗಳು ಯುದ್ಧಾನಂತರ ಸಾವಿರಾರು ಕೃತಿಗಳನ್ನು ಹುಡುಕಲು ನೆರವಾದವು. ನ್ಯೂರೆಂಬರ್ಗ್ ನ್ಯಾಯಮಂಡಳಿ ರೋಸೆನ್‌ಬರ್ಗನಿಗೆ ಮರಣದಂಡನೆ ವಿಧಿಸಿದಾಗ ಅವನ ಅಪರಾಧಗಳಲ್ಲಿ ಈ ಕೊಳ್ಳೆಯೂ ಒಂದಾಗಿತ್ತು.

1954ರ ಒಡಂಬಡಿಕೆಯ ರಚನೆ

ಈ ವಿಷಯಕ್ಕೇ ಮೀಸಲಾದ ಮೊದಲ ಜಾಗತಿಕ ಒಡಂಬಡಿಕೆ ಯುನೆಸ್ಕೊದ ಆಶ್ರಯದಲ್ಲಿ 1954ರ ಮೇ 14ರಂದು ಹೇಗ್ ನಗರದಲ್ಲಿ ಅಂಗೀಕೃತವಾಗಿ 1956ರಲ್ಲಿ ಜಾರಿಗೆ ಬಂತು. ಯಾವ ಜನರ ಸಾಂಸ್ಕೃತಿಕ ಸ್ವತ್ತಿಗೆ ಹಾನಿಯಾದರೂ ಅದು ಇಡೀ ಮನುಕುಲದ ಪರಂಪರೆಗಾದ ಹಾನಿ ಎಂಬುದು ಅದರ ಪೀಠಿಕೆಯ ತಿರುಳು. ಹೊಣೆಗಳನ್ನು ಅದು ಎರಡಾಗಿ ವಿಂಗಡಿಸುತ್ತದೆ. ಶಾಂತಿಕಾಲದಲ್ಲೇ ಪಟ್ಟಿ, ದಾಖಲೆ, ಸುರಕ್ಷಿತ ಜಾಗಗಳ ಸಿದ್ಧತೆ ಮಾಡಿಕೊಳ್ಳುವುದು ‘ಸಂರಕ್ಷಣೆ’. ಯುದ್ಧ ಶುರುವಾದ ಮೇಲೆ ದಾಳಿ, ಕಳವು, ಸೇಡಿನ ನಾಶ, ಸೈನಿಕ ಬಳಕೆಗಳಿಂದ ದೂರವಿರುವುದು ‘ಗೌರವ’. ಸೈನ್ಯದೊಳಗೆ ಇದಕ್ಕೆಂದೇ ತಜ್ಞರನ್ನು ನೇಮಿಸಬೇಕು. ದೇಶದೊಳಗಿನ ಯುದ್ಧಗಳಿಗೂ ಇದರ ಕನಿಷ್ಠ ನಿಯಮಗಳು ಅನ್ವಯಿಸುತ್ತವೆ. ಚರವಸ್ತುಗಳ ರಫ್ತು ತಡೆ ಮತ್ತು ವಾಪಸಾತಿಗೆ ಪ್ರತ್ಯೇಕವಾದ ಮೊದಲ ಪ್ರೋಟೋಕಾಲ್ ಇದೆ.

ಒಡಂಬಡಿಕೆಯ ಗುರುತು ನೀಲಿ ಗುರಾಣಿ: ಕೆಳಗೆ ಚೂಪಾದ, ನೀಲಿ–ಬಿಳಿ ಭಾಗಗಳ ಗುರಾಣಿಯ ಚಿತ್ರ. ಒಂದೇ ಗುರಾಣಿ ಸಾಮಾನ್ಯ ರಕ್ಷಣೆಯ, ತ್ರಿಕೋನವಾಗಿ ಜೋಡಿಸಿದ ಮೂರು ಗುರಾಣಿಗಳು ‘ವಿಶೇಷ ರಕ್ಷಣೆ’ಯ ಚಿಹ್ನೆ. ವಿಶೇಷ ರಕ್ಷಣೆಯ ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ ಬಹಳ ಕಾಲ ವ್ಯಾಟಿಕನ್ ನಗರ ಬಿಟ್ಟರೆ ಬೆರಳೆಣಿಕೆಯ ಆಶ್ರಯಸ್ಥಾನಗಳಷ್ಟೇ ಆ ದಾಖಲೆಯಲ್ಲಿದ್ದವು. ಆ ಲೋಪ ತಿದ್ದಲು 1999ರ ಎರಡನೆಯ ಪ್ರೋಟೋಕಾಲ್ (ಜಾರಿ 2004) ‘ವರ್ಧಿತ ರಕ್ಷಣೆ’ ಎಂಬ ಹೊಸ ಶ್ರೇಣಿಯನ್ನು ತಂದಿತು. ಮನುಕುಲಕ್ಕೆ ಅತ್ಯಂತ ಮಹತ್ವದ್ದಾಗಿರಬೇಕು, ದೇಶದ ಕಾನೂನಿನ ರಕ್ಷಣೆ ಇರಬೇಕು, ಸೈನಿಕ ಕೆಲಸಕ್ಕೆ ಬಳಸುವುದಿಲ್ಲವೆಂದು ಲಿಖಿತ ಘೋಷಣೆ ಇರಬೇಕು. 12 ದೇಶಗಳ ಸಮಿತಿ ಅರ್ಜಿಗಳನ್ನು ಪರಿಶೀಲಿಸುತ್ತದೆ. ತುರ್ತು ಸಂದರ್ಭದಲ್ಲಿ ತಾತ್ಕಾಲಿಕ ರಕ್ಷಣೆಯನ್ನೂ ಕೊಡಬಲ್ಲದು.

ಇವಲ್ಲದೆ 1977ರ ಜಿನೀವಾ ಹೆಚ್ಚುವರಿ ಪ್ರೋಟೋಕಾಲ್‌ಗಳು, ಕಳವಿನ ಮಾಲಿನ ಸಾಗಾಟದ ವಿರುದ್ಧ ಯುನೆಸ್ಕೊದ 1970ರ ಒಡಂಬಡಿಕೆ, ಇಂಥ ಕಟ್ಟಡಗಳ ಮೇಲಿನ ಉದ್ದೇಶಪೂರ್ವಕ ದಾಳಿಯನ್ನು ಯುದ್ಧಾಪರಾಧವೆನ್ನುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನ (1998) ಈ ವ್ಯವಸ್ಥೆಯ ಉಳಿದ ಅಂಗಗಳು.

ನೈತಿಕ ಆಧಾರಗಳು

ರಕ್ಷಣೆ ಏಕೆ ಬೇಕು ಎಂಬುದಕ್ಕೆ ಚಿಂತಕರು ಕೊಡುವ ಕಾರಣಗಳು ಒಂದೇ ದಿಕ್ಕಿನವಲ್ಲ. ಪರಂಪರೆ ಇಡೀ ಮನುಕುಲದ್ದು ಎಂಬುದು ಒಡಂಬಡಿಕೆಯ ನಿಲುವು. ಅದು ಮೊದಲು ಆ ಜನರದು, ಅವರ ನೆನಪು, ಆರಾಧನೆ, ಬದುಕುಗಳಿಗೆ ಅಂಟಿಕೊಂಡದ್ದು ಎಂಬುದು ಇನ್ನೊಂದು. ಪೋಲೆಂಡಿನ ನ್ಯಾಯವಾದಿ ರಾಫೆಲ್ ಲೆಮ್ಕಿನ್ 1933ರಲ್ಲೇ ಒಂದು ಸಮುದಾಯದ ಸಾಂಸ್ಕೃತಿಕ ಕೃತಿಗಳ ವಿಧ್ವಂಸವನ್ನು ಅಂತರರಾಷ್ಟ್ರೀಯ ಅಪರಾಧವೆಂದು ಪರಿಗಣಿಸಲು ಕೇಳಿದ್ದ. ಜನರನ್ನು ಕೊಲ್ಲುವುದೂ ಅವರ ಗುರುತನ್ನು ಅಳಿಸುವುದೂ ಒಂದೇ ಸಂಕಲ್ಪದ ಎರಡು ಕೈಗಳೆಂಬುದು ಅವನ ಗ್ರಹಿಕೆ. 1948ರ ನರಮೇಧ ಒಡಂಬಡಿಕೆಯಿಂದ ಸಾಂಸ್ಕೃತಿಕ ನರಮೇಧದ ಭಾಗವನ್ನು ಕೈಬಿಡಲಾಯಿತು. ಬೊಸ್ನಿಯಾ ಯುದ್ಧದಲ್ಲಿ ಮಸೀದಿ, ಚರ್ಚು, ದಾಖಲೆಗಳ ನಾಶ ಜನರ ಹೊರದೂಡುವಿಕೆಯ ಜೊತೆಜೊತೆಗೇ ನಡೆದದ್ದು ಲೆಮ್ಕಿನ್ನನ ಗ್ರಹಿಕೆಗೆ ಸಾಕ್ಷಿಯಾಯಿತು. ಮೂರನೆಯ ಆಧಾರ ತಲೆಮಾರುಗಳ ನಡುವಿನ ನಂಬಿಕೆ: ಈಗಿರುವವರು ಒಡೆಯರಲ್ಲ, ಕಾವಲಿನವರು, ಒಮ್ಮೆ ಹೋದದ್ದು ಮರಳಿ ಬಾರದು.

ಮನುಕುಲದ ಸ್ವತ್ತು ಎಂಬ ಮಾತಿಗೂ ಒಂದು ಅಪಾಯವಿದೆ. ಸುರಕ್ಷತೆಯ ಹೆಸರಿನಲ್ಲಿ ವಸ್ತುಗಳನ್ನು ಬೇರೆ ದೇಶಕ್ಕೆ ಒಯ್ದು ಇಟ್ಟುಕೊಳ್ಳಲು ಅದೇ ಮಾತನ್ನು ಬಳಸಲಾಗಿದೆ. ಯಾವುದು ‘ಮಹತ್ವದ್ದು’ ಎಂದು ಪಟ್ಟಿ ಮಾಡುವವರು ಸರ್ಕಾರಗಳಾದ್ದರಿಂದ ಅಲ್ಪಸಂಖ್ಯಾತರ ಗುಡಿ, ಗೋರಿ, ಊರಮ್ಮನ ಕಟ್ಟೆಗಳು ಪಟ್ಟಿಯ ಹೊರಗೇ ಉಳಿಯುವುದುಂಟು. ಅಂತರ್ಯುದ್ಧದಲ್ಲಿ ಮೊದಲು ಬೀಳುವುದೂ ಅವೇ.

ಜೀವ ಮತ್ತು ಸ್ಮಾರಕ

ಪ್ರಸಿದ್ಧ ಕಟ್ಟಡ ಮತ್ತು ತನ್ನ ಸೈನಿಕರ ಜೀವ, ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಜೀವವೇ ಮಿಗಿಲು, ಆದರೆ ಆಯ್ಕೆ ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ, ಅನಿವಾರ್ಯತೆಯ ಹೆಸರಿನಲ್ಲಿ ಅನುಕೂಲವನ್ನು ಮರೆಮಾಚಬಾರದು ಎಂಬ ಅರ್ಥದ ಆಜ್ಞೆಯನ್ನು ಜನರಲ್ ಐಸೆನ್‌ಹೋವರ್ 1943ರ ಡಿಸೆಂಬರಿನಲ್ಲಿ ಇಟಲಿಯ ಸೇನಾಧಿಕಾರಿಗಳಿಗೆ ಕಳಿಸಿದ. ಏಳು ವಾರಗಳೊಳಗೆ ಅದು ಪರೀಕ್ಷೆಗೆ ಒಳಗಾಯಿತು. ರೋಮ್‌ಗೆ ಹೋಗುವ ದಾರಿಯನ್ನು ಕಾಯುವ ಬೆಟ್ಟದ ನೆತ್ತಿಯಲ್ಲಿ ಸಂತ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ಸ್ಥಾಪಿಸಿದ ಮೊಂಟೆ ಕಸಿನೊ ಮಠವಿತ್ತು. ಆ ಬೆಟ್ಟ ಹತ್ತಬೇಕಾಗಿದ್ದದ್ದು ನಾಲ್ಕನೆಯ ಭಾರತೀಯ ಡಿವಿಷನ್. ಅದರ ದಳಪತಿ ಫ್ರಾನ್ಸಿಸ್ ಟಕರ್, ಮಠದೊಳಗೆ ಜರ್ಮನರು ಇರಲಿ, ಇಲ್ಲದಿರಲಿ, ಅಷ್ಟು ದಪ್ಪ ಗೋಡೆಗಳು ತನ್ನ ಜವಾನರ ತಲೆಯ ಮೇಲೆ ನಿಂತಿರುವಾಗ ಅವರನ್ನು ಕಳಿಸಲಾರೆನೆಂದು ಬಾಂಬ್ ದಾಳಿ ಕೇಳಿದ. 1944ರ ಫೆಬ್ರವರಿ 15ರಂದು ಮಠ ನೆಲಸಮವಾಯಿತು. ಸತ್ತವರು ಒಳಗೆ ಆಶ್ರಯ ಪಡೆದಿದ್ದ ನಾಗರಿಕರು. ಆಮೇಲೆ ಜರ್ಮನ್ ಪ್ಯಾರಾಟ್ರೂಪರ್‌ಗಳು ಆ ಅವಶೇಷಗಳಲ್ಲೇ ಅಡಗಿ ಕಾದಾಡಿದರು. ಬೆಟ್ಟ ಕೈವಶವಾದದ್ದು ಮೇ 18ರಂದು, ಪೋಲಿಷ್ ಪಡೆಗೆ. ಮಠದ ಹಸ್ತಪ್ರತಿಗಳು ಉಳಿದದ್ದು, ಇಬ್ಬರು ಜರ್ಮನ್ ಸೇನಾಧಿಕಾರಿಗಳ ಮುತುವರ್ಜಿಯಿಂದ 1943ರಲ್ಲೇ ಅವನ್ನು ಸಾಗಿಸಿದ್ದರಿಂದ. ಟಕರನ ಕಾಳಜಿ ನಿಜವಾದದ್ದು. ಅವನ ನಿರ್ಧಾರ ಆ ಕಾಳಜಿಗೂ ಉಪಕರಿಸಲಿಲ್ಲ.

ಇತ್ತೀಚಿನ ತತ್ವಚಿಂತಕರಲ್ಲಿ ಹೆಲೆನ್ ಫ್ರೋವ್ ಮತ್ತು ಡೆರೆಕ್ ಮ್ಯಾಟ್ರವರ್ಸ್ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದಾರೆ. ಜನರ ರಕ್ಷಣೆ, ಪರಂಪರೆಯ ರಕ್ಷಣೆ ಎರಡೂ ಬೇರ್ಪಡಿಸಲಾಗದವು, ಆಯ್ಕೆಯ ಪ್ರಶ್ನೆಯೇ ಇಲ್ಲ ಎಂಬ ಅಂತರರಾಷ್ಟ್ರೀಯ ಸಂಸ್ಥೆಗಳ ಸಮಾಧಾನದ ಮಾತನ್ನು ಅವರು ಒಪ್ಪುವುದಿಲ್ಲ. ಸುತ್ತುಬಳಸಿ ದಾಳಿ ಮಾಡಿದರೆ ಸ್ಮಾರಕ ಉಳಿಯಬಹುದು, ಆದರೆ ಅಪಾಯ ಸೈನಿಕರಿಗೋ ಪಕ್ಕದ ಬೀದಿಯ ನಾಗರಿಕರಿಗೋ ವರ್ಗವಾಗುತ್ತದೆ. ಎಷ್ಟು ಅಪಾಯ ಸಮರ್ಥನೀಯ ಎಂಬುದನ್ನು ಮುಚ್ಚಿಡದೆ ಚರ್ಚಿಸಬೇಕು ಎಂಬುದು ಅವರ ವಾದ. ಪ್ರತಿವಾದಿಗಳ ಪ್ರಕಾರ ಸಂಘರ್ಷ ನಿಜವಾಗಿ ಎದುರಾಗುವ ಸಂದರ್ಭಗಳು ಕಡಿಮೆ. ಹೆಚ್ಚಿನ ನಾಶ ಅಲಕ್ಷ್ಯದಿಂದಲೋ ದ್ವೇಷದಿಂದಲೋ ಆದದ್ದು, ಅದನ್ನು ತಡೆಯಲು ಯಾರ ಜೀವವನ್ನೂ ಒತ್ತೆಯಿಡಬೇಕಾಗಿಲ್ಲ. ದಾಖಲಾದ ಘಟನೆಗಳನ್ನು ನೋಡಿದರೆ ಎರಡನೆಯ ಮಾತಿಗೆ ಬಲ ಹೆಚ್ಚು.

ಪರಂಪರೆಗಾಗಿ ತಮ್ಮ ಜೀವವನ್ನೇ ಪಣವಿಟ್ಟವರ ವಿಷಯ ಬೇರೆ. ಸಿರಿಯಾದ ಪಾಲ್ಮೈರಾದ ಪುರಾತತ್ವಜ್ಞ ಖಾಲಿದ್ ಅಲ್ ಅಸದ್ 2015ರ ಆಗಸ್ಟಿನಲ್ಲಿ ಇಸ್ಲಾಮಿಕ್ ಸ್ಟೇಟ್ (ಐಎಸ್) ಉಗ್ರರ ಕೈಯಲ್ಲಿ ಕೊಲೆಯಾದರು. ಹಾಗೆ ಜೀವ ಕೊಡುವುದು ಯಾರಿಗೂ ಕಡ್ಡಾಯವಲ್ಲ. ಕೊಟ್ಟವರ ಮುಂದೆ ಜೀವ–ಕಲ್ಲುಗಳ ಲೆಕ್ಕ ನಿಲ್ಲುವುದಿಲ್ಲ.

ಸೈನಿಕ ಅನಿವಾರ್ಯತೆಯ ವಿವಾದ

1954ರ ಒಡಂಬಡಿಕೆ ಸೈನಿಕ ಅನಿವಾರ್ಯತೆಯಿದ್ದಾಗ ವಿನಾಯಿತಿ ಕೊಡುತ್ತದೆ, ಆದರೆ ಅನಿವಾರ್ಯತೆ ಏನೆಂದು ಹೇಳುವುದಿಲ್ಲ. ಎರಡನೆಯ ಪ್ರೋಟೋಕಾಲ್ ಇದನ್ನು ಬಿಗಿಗೊಳಿಸಿ, ಸ್ವತ್ತು ತನ್ನ ಕಾರ್ಯದಿಂದಲೇ ಸೈನಿಕ ಗುರಿಯಾಗಿ ಮಾರ್ಪಟ್ಟಿರಬೇಕು, ಅಷ್ಟೇ ಪ್ರಯೋಜನ ಕೊಡುವ ಬೇರೆ ದಾರಿ ಇರಬಾರದು ಎಂದಿತು. 1991ರ ಕೊಲ್ಲಿ ಯುದ್ಧದಲ್ಲಿ ಇರಾಕ್ ತನ್ನ ಯುದ್ಧವಿಮಾನಗಳನ್ನು ಪ್ರಾಚೀನ ಉರ್ ನಗರದ ಜಿಗುರಾತ್ ಪಕ್ಕದಲ್ಲಿ ನಿಲ್ಲಿಸಿದಾಗ ಅಮೆರಿಕದ ಪಡೆ ಅವುಗಳ ಮೇಲೆ ದಾಳಿ ಮಾಡಲಿಲ್ಲ. ರಕ್ಷಣೆ ಕಳೆದುಕೊಂಡ ಸ್ಥಳವನ್ನೂ ಲಾಭ–ಹಾನಿ ತೂಗಿ ಬಿಟ್ಟುಬಿಡಬಹುದೆಂಬುದಕ್ಕೆ ಇದು ಉದಾಹರಣೆ.

ಮೋಸ್ತಾರ್ ಸೇತುವೆಯ ಪ್ರಕರಣ ಕಾನೂನಿನ ಮಿತಿಯನ್ನು ತೋರಿಸಿತು. ಆಟೊಮನ್ ಶಿಲ್ಪಿ ಹೈರುದ್ದೀನ್ 1566ರಲ್ಲಿ ಮುಗಿಸಿದ ಒಂದೇ ಕಮಾನಿನ ಈ ಸೇತುವೆ 1993ರ ನವೆಂಬರ್ 9ರಂದು ಬೊಸ್ನಿಯಾದ ಕ್ರೊಯಾಟ್ ಪಡೆಯ ಟ್ಯಾಂಕ್ ಗುಂಡುಗಳಿಗೆ ಕುಸಿದು ನೆರೆತ್ವಾ ನದಿಗೆ ಬಿತ್ತು. ಹಿಂದಿನ ಯುಗೊಸ್ಲಾವಿಯಾಕ್ಕಾಗಿ ಸ್ಥಾಪಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2013ರಲ್ಲಿ ಇದನ್ನು ಅಪರಾಧವೆಂದಿತು: ಎದುರಾಳಿ ಸೈನಿಕರು ಬಳಸುತ್ತಿದ್ದರೂ ನಾಗರಿಕರಿಗಾದ ನಷ್ಟ ವಿಪರೀತ ಎಂಬುದು ಕಾರಣ. 2017ರಲ್ಲಿ ಮೇಲ್ಮನವಿ ಪೀಠ ಬಹುಮತದಿಂದ ಆ ಭಾಗವನ್ನು ರದ್ದುಮಾಡಿತು: ಸೇತುವೆ ಸೈನಿಕ ಗುರಿಯಾಗಿತ್ತು, ಆದ್ದರಿಂದ ನಾಶ ಅನಿವಾರ್ಯತೆಯ ವ್ಯಾಪ್ತಿಯೊಳಗೇ ಇತ್ತು. ನಾಲ್ಕು ಶತಮಾನಗಳ ನೆನಪು ಆ ತಕ್ಕಡಿಯಲ್ಲಿ ತೂಗಲೇ ಇಲ್ಲವೆಂದು ಅನೇಕ ವಿದ್ವಾಂಸರು ಈ ತೀರ್ಪನ್ನು ಟೀಕಿಸಿದ್ದಾರೆ.

ಹಾನಿಯ ಬಗೆಗಳು

ಗುರಿತಪ್ಪಿ ಬಿದ್ದ ಗುಂಡು, ಹತ್ತಿರದ ಸ್ಫೋಟಗಳಿಂದಾಗುವುದು ಆನುಷಂಗಿಕ ಹಾನಿ. ಬೇಕೆಂದೇ ಮಾಡುವ ಧ್ವಂಸ ಇನ್ನೊಂದು: 1992ರ ಆಗಸ್ಟಿನಲ್ಲಿ ಸರಾಯೆವೊ ರಾಷ್ಟ್ರೀಯ ಗ್ರಂಥಾಲಯವನ್ನು ಬೆಂಕಿಗುಂಡುಗಳಿಂದ ಸುಟ್ಟದ್ದು, 2001ರ ಮಾರ್ಚಿನಲ್ಲಿ ತಾಲಿಬಾನ್ ಬಾಮಿಯಾನದ 55 ಮತ್ತು 38 ಮೀಟರ್ ಎತ್ತರದ ಬುದ್ಧರನ್ನು ಸಿಡಿಸಿದ್ದು, 2015ರಲ್ಲಿ ಪಾಲ್ಮೈರಾದ ಬೆಲ್ ಮತ್ತು ಬಾಲ್‌ಶಮೀನ್ ದೇವಾಲಯಗಳನ್ನು ಉರುಳಿಸಿದ್ದು ಈ ಬಗೆಯವು. ಬಾಮಿಯಾನದ ಬುದ್ಧರನ್ನು 1970ರ ಸುಮಾರಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರೇ ಜೀರ್ಣೋದ್ಧಾರ ಮಾಡಿದ್ದರು. ಲೂಟಿ ಮೂರನೆಯ ಬಗೆ. 2003ರ ಏಪ್ರಿಲಿನಲ್ಲಿ ಅಮೆರಿಕದ ಸೈನ್ಯ ಬಾಗ್ದಾದಿನೊಳಗೆ ಇರುವಾಗಲೇ ಇರಾಕ್ ಮ್ಯೂಸಿಯಮ್ಮಿನಿಂದ ಸುಮಾರು 15,000 ವಸ್ತುಗಳು ಕಳವಾದವು. ಐದು ಸಾವಿರ ವರ್ಷ ಹಳೆಯ ವಾರ್ಕಾ ಹೂದಾನಿ ಜೂನ್‌ನಲ್ಲಿ ಒಡೆದ ಸ್ಥಿತಿಯಲ್ಲಿ ಮರಳಿತು. ಆಕ್ರಮಿಸಿದವನಿಗೆ ಬರೀ ದೋಚದಿರುವ ಹೊಣೆಯಲ್ಲ, ದೋಚುವವರನ್ನು ತಡೆಯುವ ಹೊಣೆಯೂ ಇದೆಯೆಂಬುದು ಅಂದು ಮರೆತುಹೋಗಿತ್ತು. ಕಡೆಯದು ಸೈನಿಕ ಬಳಕೆ: ಅದೇ ಯುದ್ಧದಲ್ಲಿ ಬ್ಯಾಬಿಲೋನ್ ಅವಶೇಷಗಳ ನಡುವೆ ಶಿಬಿರ ಹೂಡಿದ ಪಡೆಗಳು ಕಂದಕ ತೋಡಿ, ಪುರಾವಸ್ತು ಬೆರೆತ ಮಣ್ಣನ್ನು ಮರಳಚೀಲಗಳಿಗೆ ತುಂಬಿದವು.

ರಕ್ಷಣೆಯ ವಿಧಾನಗಳು

ಕದಲಿಸಲಾಗದ್ದನ್ನು ಇದ್ದಲ್ಲೇ ಕವಚ ಹಾಕಿ ಕಾಯಬೇಕು. 1943ರ ಆಗಸ್ಟಿನಲ್ಲಿ ಮಿಲಾನಿನ ಸಾಂತಾ ಮರಿಯಾ ಮಠದ ಊಟದ ಮನೆ ಬಾಂಬಿಗೆ ಕುಸಿದಾಗ ಲಿಯೊನಾರ್ಡೊನ ‘ಕೊನೆಯ ಭೋಜನ’ ಇದ್ದ ಗೋಡೆ ಮರಳಚೀಲಗಳ ಆಸರೆಯಿಂದ ನಿಂತಿತು. ತಾಜ್ ಮಹಲಿನ ಗುಮ್ಮಟಕ್ಕೆ 1942ರಲ್ಲಿ ಬಿದಿರಿನ ಅಟ್ಟಣೆ ಕಟ್ಟಲಾಯಿತು. 1971ರ ಯುದ್ಧದಲ್ಲಿ ಹಸಿರು ಬಟ್ಟೆ ಹೊದಿಸಲಾಯಿತು. ಲೆಬನಾನ್ ಅಂತರ್ಯುದ್ಧದಲ್ಲಿ ಬೈರೂತ್ ಮ್ಯೂಸಿಯಂ ಎರಡೂ ಪಕ್ಷಗಳ ನಡುವಿನ ಗಡಿರೇಖೆಯ ಮೇಲೇ ಬಿತ್ತು. ನಿರ್ದೇಶಕ ಮೋರಿಸ್ ಶೆಹಾಬ್ ದೊಡ್ಡ ಶವಪೆಟ್ಟಿಗೆಗಳ ಸುತ್ತ ಕಾಂಕ್ರೀಟ್ ಗೋಡೆ ಎಬ್ಬಿಸಿ, ಸಣ್ಣ ವಸ್ತುಗಳನ್ನು ನೆಲಮಾಳಿಗೆಯಲ್ಲಿ ಮುಚ್ಚಿಸಿ ಸಂಗ್ರಹವನ್ನು ಉಳಿಸಿದ.

ಚರವಸ್ತುಗಳನ್ನು ಸಾಗಿಸಬಹುದು, ಸಮಯ ಸಿಕ್ಕರೆ. ಸ್ಪೇನಿನ ಅಂತರ್ಯುದ್ಧದಲ್ಲಿ ಪ್ರಾದೊ ಮ್ಯೂಸಿಯಮ್ಮಿನ ಚಿತ್ರಗಳು 1939ರಲ್ಲಿ ಜಿನೀವಾ ತಲುಪಿದವು. 1941ರಲ್ಲಿ ಲೆನಿನ್‌ಗ್ರಾಡಿನ ಹರ್ಮಿಟೇಜ್ ಹತ್ತು ಲಕ್ಷಕ್ಕೂ ಮಿಕ್ಕ ವಸ್ತುಗಳನ್ನು ಎರಡು ರೈಲುಗಳಲ್ಲಿ ಉರಲ್ ಪ್ರದೇಶಕ್ಕೆ ಕಳಿಸಿತು. ಮೂರನೆಯದಕ್ಕೆ ಮೊದಲೇ ಮುತ್ತಿಗೆ ಬಿಗಿಯಿತು. ಬಚ್ಚಿಡುವುದು ಇನ್ನೊಂದು ದಾರಿ. ಅಫ್ಘಾನಿಸ್ತಾನದ ತಿಲ್ಯಾ ತೆಪೆಯಲ್ಲಿ 1978ರಲ್ಲಿ ಸಿಕ್ಕ 20,000ಕ್ಕೂ ಹೆಚ್ಚು ಚಿನ್ನದ ತುಣುಕುಗಳನ್ನು ಕಾಬೂಲ್ ಮ್ಯೂಸಿಯಮ್ಮಿನ ಸಿಬ್ಬಂದಿ 1980ರ ದಶಕದ ಕೊನೆಯಲ್ಲಿ ಅರಮನೆಯ ಭದ್ರಕೋಣೆಯಲ್ಲಿಟ್ಟು, ತಾಲಿಬಾನ್ ಆಳ್ವಿಕೆಯುದ್ದಕ್ಕೂ ಬಾಯಿಬಿಡದೆ, 2003ರಲ್ಲಿ ಹೊರತೆಗೆದರು. 2012ರಲ್ಲಿ ಮಾಲಿಯ ತಿಂಬುಕ್ತುವಿನ ಮನೆತನಗಳು, ಗ್ರಂಥಪಾಲಕ ಅಬ್ದೆಲ್ ಕಾದರ್ ಹೈದರಾ ಮುಂದಾಳತ್ವದಲ್ಲಿ, ತಗಡಿನ ಪೆಟ್ಟಿಗೆಗಳಲ್ಲಿ ತುಂಬಿದ ಹಸ್ತಪ್ರತಿಗಳನ್ನು ಕತ್ತೆಗಾಡಿ, ಜೀಪು, ದೋಣಿಗಳಲ್ಲಿ ಬಮಾಕೊಗೆ ತಲುಪಿಸಿದವು. ಬೈರೂತ್, ಕಾಬೂಲ್, ತಿಂಬುಕ್ತು, ಮೂರು ಕಡೆಯೂ ಕೆಲಸ ಮಾಡಿದ್ದು ಸೈನ್ಯವಲ್ಲ, ಒಡಂಬಡಿಕೆಯಲ್ಲ. ಆ ವಸ್ತುಗಳೊಡನೆ ಬದುಕಿದ ಊರಿನವರು.

ಸೈನ್ಯದ ಕಡೆಯಿಂದ ಆಗಬೇಕಾದದ್ದು ದಾಳಿ ಮಾಡಬಾರದ ಸ್ಥಳಗಳ ಪಟ್ಟಿ ಮತ್ತು ತರಬೇತಿ. ಮಿತ್ರಪಡೆಗಳ ‘ಸ್ಮಾರಕ ಅಧಿಕಾರಿಗಳು’ ಎರಡನೆಯ ಮಹಾಯುದ್ಧದಲ್ಲಿ ಇದಕ್ಕೆ ಮಾದರಿಯಾದರು. ಕಲಾವಸ್ತುಗಳ ಕಳವಿನ ತನಿಖೆಗೆಂದೇ ಇಟಲಿಯ ಸೈನಿಕ ಪೊಲೀಸ್ ಪಡೆ ಕಾರಬಿನಿಯೇರಿ 1969ರಲ್ಲಿ ದಳ ಕಟ್ಟಿತು. 1996ರಲ್ಲಿ ಸ್ಥಾಪನೆಯಾದ ಬ್ಲೂ ಶೀಲ್ಡ್ ಸಂಸ್ಥೆ ಗ್ರಂಥಾಲಯ, ದಾಖಲೆ, ವಸ್ತುಸಂಗ್ರಹಾಲಯ, ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿಗಳನ್ನು ಒಂದೆಡೆ ತಂದಿದೆ. ನೀಲಿ ಗುರಾಣಿಯ ಲಾಂಛನ ಹಾಕುವುದೇ ದಾಳಿಕೋರನಿಗೆ ಗುರಿ ತೋರಿಸಿದಂತೆ ಎಂಬ ಭಯ, ಕ್ರೊಯೇಷಿಯಾದ ದುಬ್ರೊವ್ನಿಕ್ ಪಟ್ಟಣದ ಮೇಲೆ 1991ರಲ್ಲಿ ನಡೆದ ದಾಳಿಯ ನಂತರ, ಅನೇಕ ದೇಶಗಳಲ್ಲಿದೆ.

ಶಿಕ್ಷೆ ಮತ್ತು ಪರಿಹಾರ

1991ರ ಡಿಸೆಂಬರ್ 6ರಂದು ವಿಶ್ವಪರಂಪರೆಯ ಪಟ್ಟಣ ದುಬ್ರೊವ್ನಿಕ್ ಮೇಲೆ ನಡೆದ ದಾಳಿಗಾಗಿ ಯುಗೊಸ್ಲಾವ್ ನೌಕಾಧಿಕಾರಿ ಮಿಯೊದ್ರಾಗ್ ಯೊಕಿಚ್ ತಪ್ಪೊಪ್ಪಿ 7 ವರ್ಷ ಸೆರೆವಾಸ ಪಡೆದ. ತಿಂಬುಕ್ತುವಿನ ಸೂಫಿ ಸಂತರ ಗೋರಿಗಳನ್ನು ಕೆಡವಿಸಿದ ಅಹ್ಮದ್ ಅಲ್ ಫಕಿ ಅಲ್ ಮಹ್ದಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರ ಸೆಪ್ಟೆಂಬರ್ 27ರಂದು 9 ವರ್ಷ ಶಿಕ್ಷೆ ವಿಧಿಸಿತು. ಸಾಂಸ್ಕೃತಿಕ ನಾಶವನ್ನಷ್ಟೇ ಆರೋಪವಾಗಿ ಹೊತ್ತ ಆ ನ್ಯಾಯಾಲಯದ ಮೊದಲ ಮೊಕದ್ದಮೆ ಇದು. ಮರುವರ್ಷ 27 ಲಕ್ಷ ಯೂರೊ ಪರಿಹಾರವನ್ನೂ ಗೊತ್ತುಪಡಿಸಲಾಯಿತು. ಕಟ್ಟಡಗಳ ಮೇಲಿನ ಅಪರಾಧ ಜನರ ಮೇಲಿನ ಅಪರಾಧದಷ್ಟೇ ಗಂಭೀರವಲ್ಲವೆಂದು ಹೇಳುತ್ತಲೇ, ಆ ಗೋರಿಗಳು ಊರಿನವರ ಬದುಕಿನಲ್ಲಿ ಪಡೆದಿದ್ದ ಸ್ಥಾನದಿಂದ ಅಪರಾಧದ ತೂಕವನ್ನು ನ್ಯಾಯಾಲಯ ಅಳೆಯಿತು.

ಮರುನಿರ್ಮಾಣದಲ್ಲೂ ಮತಭೇದವಿದೆ. ವಾರ್ಸಾದ ಹಳೆಯ ಪಟ್ಟಣವನ್ನು ಪೋಲೆಂಡಿನವರು ಇದ್ದಂತೆಯೇ ಕಟ್ಟಿದರು, 1980ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿ ಸೇರಿತು. ಮೋಸ್ತಾರ್ ಸೇತುವೆ 2004ರಲ್ಲಿ ಮತ್ತೆ ತೆರೆಯಿತು. ತಿಂಬುಕ್ತುವಿನ ಗೋರಿಗಳನ್ನು ಅಲ್ಲಿನ ಗಾರೆ ಕೆಲಸದವರೇ 2015ರ ಹೊತ್ತಿಗೆ ಎಬ್ಬಿಸಿದರು. ಮಣ್ಣಿನ ಕಟ್ಟಡವನ್ನು ಮತ್ತೆ ಮತ್ತೆ ಮೆತ್ತುವುದು ಅಲ್ಲಿ ಪರಂಪರೆಯ ಭಾಗವೇ ಆದ್ದರಿಂದ ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಏಳಲಿಲ್ಲ. ಬಾಮಿಯಾನದ ಗೂಡುಗಳು ಖಾಲಿಯಾಗಿಯೇ ಇವೆ.

ಭಾರತದ ಸ್ಥಾನ

ಭಾರತ 1958ರಲ್ಲಿ ಹೇಗ್ ಒಡಂಬಡಿಕೆಯನ್ನೂ ಮೊದಲ ಪ್ರೋಟೋಕಾಲನ್ನೂ ಅನುಮೋದಿಸಿತು. 1999ರ ಎರಡನೆಯ ಪ್ರೋಟೋಕಾಲಿಗೆ ಸೇರಿಲ್ಲ. ಹಾಗಾಗಿ ಹಂಪಿ, ಪಟ್ಟದಕಲ್ಲು, ಬೇಲೂರು–ಹಳೇಬೀಡು–ಸೋಮನಾಥಪುರಗಳಂಥ ವಿಶ್ವಪರಂಪರೆಯ ತಾಣಗಳಿಗೆ ವರ್ಧಿತ ರಕ್ಷಣೆಯ ಅವಕಾಶ ಸದ್ಯಕ್ಕಿಲ್ಲ. ಸಂವಿಧಾನದ 49ನೆಯ ವಿಧಿ ರಾಷ್ಟ್ರೀಯ ಮಹತ್ವದ ಸ್ಮಾರಕಗಳ ರಕ್ಷಣೆಯನ್ನು ರಾಜ್ಯದ ಹೊಣೆಯೆಂದು ಹೇಳುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 1972ರ ಪುರಾವಸ್ತು ಕಾಯ್ದೆಗಳು ಶಾಂತಿಕಾಲವನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಹೊರದೇಶದಲ್ಲಿ, ಅಂತರ್ಯುದ್ಧದಿಂದ ಜರ್ಝರಿತವಾದ ಕಾಂಬೋಡಿಯಾದ ಅಂಕೋರ್‌ವಾಟ್‌ನಲ್ಲಿ 1986ರಿಂದ 1993ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣೆ ದುರಸ್ತಿ ಕೆಲಸ ನಡೆಸಿತು.

ಇಂದಿನ ಸ್ಥಿತಿ

1954ರ ಒಡಂಬಡಿಕೆಗೆ 130ಕ್ಕೂ ಹೆಚ್ಚು ದೇಶಗಳು ಸೇರಿವೆ. ಅಮೆರಿಕ 2009ರಲ್ಲಿ, ಬ್ರಿಟನ್ 2017ರಲ್ಲಷ್ಟೇ ಅನುಮೋದಿಸಿದವು. ಎರಡನೆಯ ಪ್ರೋಟೋಕಾಲಿನಿಂದ ಅಮೆರಿಕ, ರಷ್ಯಾ, ಚೀನಾ, ಇಸ್ರೇಲ್ ಹೊರಗಿವೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರಲ್ಲಿ ಸಿರಿಯಾದ ಪುರಾವಸ್ತುಗಳ ವ್ಯಾಪಾರವನ್ನು ನಿಷೇಧಿಸಿತು. 2017ರ ಮಾರ್ಚಿನ 2347ನೆಯ ಠರಾವು ಪೂರ್ತಿಯಾಗಿ ಪರಂಪರೆಯ ರಕ್ಷಣೆಗೇ ಮೀಸಲಾದ ಮೊದಲನೆಯದು. ಅದೇ ವರ್ಷ ಸಂಘರ್ಷ ಪ್ರದೇಶಗಳ ತುರ್ತು ನೆರವಿಗೆಂದು ಜಿನೀವಾದಲ್ಲಿ ಅಲಿಫ್ ನಿಧಿ ಹುಟ್ಟಿತು.

2022ರಿಂದ ಉಕ್ರೇನಿನಲ್ಲಿ ಹಾನಿಗೊಂಡ ನೂರಾರು ತಾಣಗಳನ್ನು ಯುನೆಸ್ಕೊ ದೃಢಪಡಿಸಿದೆ. ಒದೆಸಾ ನಗರಕೇಂದ್ರವನ್ನು 2023ರ ಜನವರಿಯಲ್ಲಿ ಅಪಾಯದ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು; ಜುಲೈನಲ್ಲಿ ಅಲ್ಲಿನ ಕೆಥೆಡ್ರಲ್ಲಿಗೆ ಕ್ಷಿಪಣಿ ಬಡಿಯಿತು. ಖೆರ್ಸೊನ್ ಮ್ಯೂಸಿಯಮ್ಮುಗಳ ಸಂಗ್ರಹಗಳನ್ನು ರಷ್ಯಾದ ಪಡೆಗಳು ಹಿಂದೆಗೆಯುವ ಮುನ್ನ ಸಾಗಿಸಿದವು. ಗಾಜಾದಲ್ಲಿ ಐತಿಹಾಸಿಕ ಉಮರಿ ಮಸೀದಿ ಬಹುಮಟ್ಟಿಗೆ ನಾಶವಾಗಿದೆ. ಅಲ್ಲೇ ಇರುವ ಸಂತ ಹಿಲೇರಿಯನ್ ಮಠದ ಅವಶೇಷಕ್ಕೆ 2023ರ ಡಿಸೆಂಬರಿನಲ್ಲಿ ತಾತ್ಕಾಲಿಕ ವರ್ಧಿತ ರಕ್ಷಣೆ ಸಿಕ್ಕಿತು. 2024ರ ನವೆಂಬರಿನಲ್ಲಿ ಲೆಬನಾನಿನ 34 ತಾಣಗಳಿಗೆ ಅದೇ ರಕ್ಷಣೆ ದೊರೆಯಿತು. 2023ರಲ್ಲಿ ಶುರುವಾದ ಸುಡಾನ್ ಯುದ್ಧದಲ್ಲಿ ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ಅದರ ಬಗ್ಗೆ ಜಗತ್ತಿನ ಪತ್ರಿಕೆಗಳು ಬರೆದದ್ದು ಬಹಳ ಕಡಿಮೆ.

ಒಡಂಬಡಿಕೆಗೆ ಸಹಿ ಹಾಕಲಾಗದ ಸಶಸ್ತ್ರ ಗುಂಪುಗಳನ್ನು ನಿಯಮಕ್ಕೆ ಒಗ್ಗಿಸುವುದು, ಕಳವಿನ ಮಾಲು ಕೊಳ್ಳುವ ಶ್ರೀಮಂತ ದೇಶಗಳ ಮಾರುಕಟ್ಟೆಯನ್ನು ಹದ್ದುಬಸ್ತಿನಲ್ಲಿಡುವುದು, ನಿರಾಶ್ರಿತರಾಗಿ ಚದುರಿದವರ ಹಾಡು, ಕಸುಬು, ಆಚರಣೆಗಳನ್ನು ರಕ್ಷಣೆಯ ವ್ಯಾಪ್ತಿಗೆ ತರುವುದು ಈಗ ತಜ್ಞರ ಮುಂದಿರುವ ಕೆಲಸಗಳು. ಇವುಗಳಲ್ಲಿ ಮಾರುಕಟ್ಟೆಯ ನಿಯಂತ್ರಣಕ್ಕೆ ಹಲವು ದೇಶಗಳಲ್ಲಿ ಕಾನೂನು ಇದೆ.